ಜೋಳಿಗೆಯ ನಂತರದ ಸಂಜೆ

ಇಳಕಲ್ಲಿನ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಆರಂಭಿಸಿದ ಮಹಾಂತ ಜೋಳಿಗೆಯನ್ನು ಸದ್ಭಕ್ತರೆಲ್ಲ ಬಲ್ಲಿರಿ. ಕಾಳುಕಡಿ ಬೇಡಲಿಲ್ಲ, ಕಾಣಿಕೆ ಬೇಡಲಿಲ್ಲ. ಭಕ್ತರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅದೇ ಮೇಲ್ಪಂಕ್ತಿಯಲ್ಲಿ ನಾವು ಹಿಡಿದ ಜೋಳಿಗೆಗೆ ಹದಿನಾರರ ಹುಡುಗನೊಬ್ಬ ಗಾಂಜಾ ಪೊಟ್ಟಣ ಹಾಕಿದ. ವಿಭೂತಿ ಹಚ್ಚಿ, ಹರಸಿ ಮನೆಗೆ ಕಳಿಸಿದೆವು. ತಿಂಗಳೊಳಗೆ ಮತ್ತೆ ಹಳೆಯ ದಾರಿ ಹಿಡಿದ. ತಪ್ಪು ನಮ್ಮದೂ ಹೌದು. ಚಟ ಇಸಿದುಕೊಂಡೆವು, ಸಂಜೆಯ ಹೊತ್ತಿಗೆ ಆ ಕೈಗೆ ಬೇರೇನೂ ಕೊಡಲಿಲ್ಲ.

ಎರಡನೆಯ ಸಲ ಮೊದಲು ವೈದ್ಯರ ಬಳಿಗೇ ಕಳಿಸಿದೆವು. ನಿದ್ದೆಗೇಡು, ಸಿಡುಕು, ಮೈನಡುಕಗಳಿಗೆ ಉಪಚಾರ ಬೇಕು; ಹಾಡು ಮದ್ದಿನ ಬದಲಿಯಲ್ಲ. ಆಮೇಲೆ ಶ್ರೀಮಠದ ಭಜನಾ ಮೇಳದಲ್ಲಿ ಕೈಗೆ ತಾಳ ಕೊಟ್ಟು ಕೂಡಿಸಿದೆವು. ತಾಳ ಹಾಕುವವನು ಪಕ್ಕದವನ ಹಾಡಿಗೆ ಕಿವಿಗೊಡಲೇಬೇಕು. ಸ್ವರ ನೀಳವಾಗಿ ಹಿಡಿದವನ ಉಸಿರು ತಾನಾಗಿ ನಿಧಾನವಾಗುತ್ತದೆ. ತಂದೆಯ ಮುಂದೆ ಬಾಯಿಬಿಡಲಾಗದ ಸಂಕಟವೂ ಹಾಡಿನಲ್ಲಿ ಹೊರಬೀಳುತ್ತದೆ. ಇದನ್ನೇ ಬಲ್ಲವರು ಸಂಗೀತ ಚಿಕಿತ್ಸೆ ಎನ್ನುತ್ತಾರೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತದಿಂದಲೇ ಬದುಕು ಕಟ್ಟಿಕೊಟ್ಟಿದ್ದನ್ನು ಕಂಡಿದ್ದ ನಮಗೆ ಇದು ಮೊದಲೇ ಹೊಳೆಯಬೇಕಿತ್ತು.

ಹುಡುಗನ ತಾಳ ಇನ್ನೂ ತಪ್ಪುತ್ತದೆ. ಕಳೆದ ಸೋಮವಾರ ಬರಲೇ ಇಲ್ಲ. ಮೇಳದ ಹಿರಿಯರೊಬ್ಬರು ಬೈಯದೆ, ಮನೆಗೇ ಹೋಗಿ ಕರೆತಂದರು.