ಪಾಲಿಹೌಸ್‌ನೊಳಗೆ ಗಾಳಿ ನಿಂತಾಗ

ತುಮಕೂರು ತಾಲ್ಲೂಕಿನ ಕೋರಾ ಕಡೆಯ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಅತ್ತಿಗೆ ವಸಂತನರಸಾಪುರದ ಹತ್ತಿರ ಒಂದು ಪಾಲಿಹೌಸ್‌ನಲ್ಲಿ ದೊಣ್ಣೆಮೆಣಸಿನ ಗಿಡಕ್ಕೆ ದಾರ ಕಟ್ಟುವ, ಕಾಯಿ ಬಿಡಿಸುವ ಕೆಲಸಕ್ಕೆ ಹೋಗುತ್ತಾರೆ. “ನರೇಗಾದಲ್ಲಿ ಬೇಸಿಗೆಯ ಬಿಸಿಲಲ್ಲೇ ಕೆರೆ ಹೂಳೆತ್ತಿದವರು ಅವರು, ಆಗ ಏನೂ ಆಗುತ್ತಿರಲಿಲ್ಲ. ಈಗ ತಲೆ ಮೇಲೆ ಶೀಟು ಇದೆ, ಮಣ್ಣು ಹೊರುವ ಕೆಲಸವೂ ಇಲ್ಲ. ಆದರೂ ಮಧ್ಯಾಹ್ನದ ಹೊತ್ತಿಗೆ ತಲೆಸುತ್ತಿ ಕೂತುಬಿಡುತ್ತಾರೆ. ಯಾಕೆ ಸಾರ್? ಅಲ್ಲೇ ಏನಾದರೂ ಹೆಚ್ಚುಕಮ್ಮಿ ಆದರೆ ಇನ್ಶೂರೆನ್ಸ್ ಬರುತ್ತಾ?”

ಒಂದು ಭೌತವಿಜ್ಞಾನದ ಪ್ರಶ್ನೆ, ಇನ್ನೊಂದು ವಿಮೆಯದು. ಮೊದಲನೆಯದಕ್ಕೆ ಉತ್ತರ ಗೊತ್ತಾಗದೆ ಎರಡನೆಯದಕ್ಕೆ ಉತ್ತರ ಹೇಳಲಾಗದು. ಅದಕ್ಕೇ ಮೊದಲನೆಯದರಿಂದಲೇ ಹೊರಡುತ್ತೇನೆ.

ಹಸಿರುಮನೆ ಬಿಸಿಯಾಗುವುದೇಕೆ ಎಂದರೆ ಶಾಲೆಯಲ್ಲಿ ಕಲಿತ ಉತ್ತರ ನಮ್ಮೆಲ್ಲರ ಬಾಯಲ್ಲೂ ಇದೆ: ಬಿಸಿಲು ಗಾಜಿನ ಮೂಲಕ ಒಳಗೆ ಬರುತ್ತದೆ, ನೆಲದಿಂದ ಹೊರಡುವ ಅವಕೆಂಪು ಕಿರಣ ಗಾಜು ದಾಟಲಾರದೆ ಒಳಗೇ ಉಳಿಯುತ್ತದೆ. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ ಇದನ್ನು ಪರೀಕ್ಷಿಸಲು ಹೊರಟರು. ಕಪ್ಪು ರಟ್ಟಿನ ಎರಡು ಪೆಟ್ಟಿಗೆ ಮಾಡಿದರು. ಒಂದಕ್ಕೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಕಲ್ಲುಪ್ಪಿನ ಹಲಗೆಯ ಮುಚ್ಚಳ. ಕಲ್ಲುಪ್ಪು ಅವಕೆಂಪು ಕಿರಣವನ್ನು ತಡೆಯುವುದಿಲ್ಲ, ಸರಾಗವಾಗಿ ಬಿಡುತ್ತದೆ. ಶಾಲೆಯ ಉತ್ತರ ಸರಿಯಾಗಿದ್ದರೆ ಉಪ್ಪಿನ ಪೆಟ್ಟಿಗೆ ತಣ್ಣಗಿರಬೇಕಿತ್ತು. ಎರಡೂ ಸುಮಾರು 55 ಡಿಗ್ರಿ ಸೆಲ್ಸಿಯಸ್‌ಗೆ ಏರಿದವು. ಎರಡರ ನಡುವಿನ ವ್ಯತ್ಯಾಸ ಒಂದು ಡಿಗ್ರಿಯಷ್ಟೂ ಇರಲಿಲ್ಲ. ಭೂಮಿಯ ವಾತಾವರಣದ ಮಾತು ಬೇರೆ, ಅಲ್ಲಿ ಅವಕೆಂಪಿನ ಲೆಕ್ಕವೇ ಮುಖ್ಯ. ಆದರೆ ತೋಟದ ಹಸಿರುಮನೆ ಕಾಯುವುದಕ್ಕೆ ದೊಡ್ಡ ಕಾರಣ ಬಹಳ ಸರಳ. ಬಿಸಿಯಾದ ಗಾಳಿ ಮೇಲೇರಿ ಹೊರಹೋಗಲು ದಾರಿ ಇಲ್ಲ, ಹೊರಗಿನ ಗಾಳಿ ಬೀಸಿ ಅದನ್ನು ಹೊತ್ತೊಯ್ಯಲೂ ದಾರಿ ಇಲ್ಲ.

ವುಡ್ ಅವರ ಈ ಪ್ರಯೋಗ ನನಗೆ ಬಹಳ ಇಷ್ಟ. ಯಾಕೆಂದರೆ ನಮ್ಮ ಪಾಲಿಹೌಸ್‌ಗಳು ದಿನವೂ ಅದನ್ನೇ ಮತ್ತೆ ಮಾಡಿ ತೋರಿಸುತ್ತಿವೆ. 200 ಮೈಕ್ರಾನ್ ದಪ್ಪದ ಪಾಲಿಥೀನ್ ಹಾಳೆ ಗಾಜಿನಂತಲ್ಲ, ಅವಕೆಂಪಿನ ಬಹುಭಾಗವನ್ನು ಹೊರಗೆ ಬಿಟ್ಟುಬಿಡುತ್ತದೆ. ಆದರೂ ಒಳಗೆ ಕುದಿ. ಅದು ತಡೆಯುವುದು ಗಾಳಿಯನ್ನು. ಪಕ್ಕದ ಪರದೆ ಎತ್ತಿದರೂ ಅಲ್ಲಿ ಕೀಟ ತಡೆಯುವ ಸಣ್ಣ ಕಣ್ಣಿನ ಬಲೆ ಇರುತ್ತದೆ. ಥ್ರಿಪ್ಸ್ ನುಸಿ ನುಗ್ಗದಷ್ಟು ಸಣ್ಣ ಕಣ್ಣಿನ ಬಲೆ ಗಾಳಿಯನ್ನೂ ಅಷ್ಟೇ ಕಷ್ಟದಿಂದ ಬಿಡುತ್ತದೆ. ಒಳಗೆ ಆಳೆತ್ತರ ಬೆಳೆದ ಸಾವಿರಾರು ಗಿಡಗಳು ಎಲೆಗಳಿಂದ ನೀರಾವಿ ಬಿಡುತ್ತಲೇ ಇರುತ್ತವೆ. ಅದರ ಜೊತೆಗೆ ಮಂಜಿನಂತೆ ನೀರು ಚಿಮ್ಮುವ ಫಾಗರ್. ಹೀಗೆ ಗಾಳಿಯೂ ನಿಲ್ಲುತ್ತದೆ, ತೇವವೂ ತುಂಬುತ್ತದೆ.

ಈಗ ಮೈಯ ವಿಷಯಕ್ಕೆ ಬರೋಣ. ಶಿರಾ, ಪಾವಗಡದ ಕಡೆ ಏಪ್ರಿಲ್‌ನಲ್ಲಿ ಮಣ್ಣಿನ ಮಡಕೆಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಅದೇ ಮಡಕೆಯನ್ನು ಮಂಗಳೂರಿಗೆ ಒಯ್ದು ಗಾಳಿಯಾಡದ ಮೂಲೆಯಲ್ಲಿಟ್ಟರೆ ನೀರು ಬೆಚ್ಚಗೇ ಉಳಿಯುತ್ತದೆ. ಮಡಕೆಯ ಮೈಯಿಂದ ಜಿನುಗಿದ ನೀರು ಆರಬೇಕು, ಆರುವಾಗ ಶಾಖವನ್ನು ಎಳೆದುಕೊಂಡು ಹೋಗಬೇಕು. ಸುತ್ತ ಒಣಗಾಳಿ ಬೀಸುತ್ತಿದ್ದರೆ ಆರುತ್ತದೆ, ತೇವದ ಗಾಳಿ ನಿಂತಿದ್ದರೆ ಆರುವುದಿಲ್ಲ. ನಮ್ಮ ಚರ್ಮವೂ ಅಂಥದೇ ಮಡಕೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 24 ಲಕ್ಷ ಜೂಲ್ ಶಾಖ ಮೈಬಿಟ್ಟು ಹೋಗುತ್ತದೆ. ಮಧ್ಯಮ ಶ್ರಮದ ಕೆಲಸದಲ್ಲಿ ದೇಹ ಸುಮಾರು 300 ವಾಟ್ ಶಾಖ ಹುಟ್ಟಿಸುತ್ತದೆ. ಅದನ್ನು ಬೆವರಿನಿಂದಲೇ ಹೊರಹಾಕಬೇಕಾದರೆ ಗಂಟೆಗೆ ಅರ್ಧ ಲೀಟರ್‌ನಷ್ಟು ಬೆವರು ಆರಬೇಕು. ಆರುವ ಬೆವರು ಮಾತ್ರ ಲೆಕ್ಕಕ್ಕೆ. ಹಣೆಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಮೈ ತಣಿಯುವುದಿಲ್ಲ, ಮೈಯ ನೀರು, ಉಪ್ಪು ಮಾತ್ರ ಖರ್ಚಾಗುತ್ತದೆ.

ಇದನ್ನು ಮೊದಲು ಅಂಕಿಯಲ್ಲಿ ಹಿಡಿದವರು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್. ಕಾರ್ನ್‌ವಾಲ್‌ನ ತವರದ ಗಣಿಗಳ ಕಾರ್ಮಿಕರ ಆರೋಗ್ಯ ನೋಡಲು ಹೋದ ಈ ವೈದ್ಯ ಬಿಸಿ ಗಾಳಿಗೆ ತನ್ನ ಮೈಯನ್ನೇ ಒಡ್ಡಿ ಪರೀಕ್ಷಿಸಿದರು. 1905ರಲ್ಲಿ ಅವರು ಹೇಳಿದ್ದು ಇದು: ನಿಂತ ಗಾಳಿಯಲ್ಲಿ ಸಾಮಾನ್ಯ ಥರ್ಮಾಮೀಟರ್ ತೋರಿಸುವ ಬಿಸಿ ಮುಖ್ಯವಲ್ಲ, ಗಾಳಿಯ ತೇವವೊಂದೇ ಮುಖ್ಯವಲ್ಲ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್, ಅಂದರೆ ಒದ್ದೆ ಬಲ್ಬ್, ಏನು ತೋರಿಸುತ್ತದೋ ಅದು ಮುಖ್ಯ. ಅದು 25.5 ಡಿಗ್ರಿ ದಾಟಿದರೆ ಬಿಡುವಿಲ್ಲದ ಕಷ್ಟದ ಕೆಲಸ ಸಾಧ್ಯವಿಲ್ಲ. 31 ದಾಟಿದರೆ ಸುಮ್ಮನೆ ಬಹಳ ಹೊತ್ತು ಇರುವುದೂ ಸಾಮಾನ್ಯರಿಗೆ ಆಗದ ಮಾತು. ಗಾಳಿ ಆಡುತ್ತಿದ್ದರೆ ಈ ಮಿತಿ ಕೆಲವು ಡಿಗ್ರಿ ಮೇಲಕ್ಕೆ ಹೋಗುತ್ತದೆ. ನೂರು ವರ್ಷ ಕಳೆದ ಮೇಲೆ ಹವಾಮಾನ ಬದಲಾವಣೆಯ ಚರ್ಚೆಯಲ್ಲಿ ‘ಮನುಷ್ಯನ ಮಿತಿ 35 ಡಿಗ್ರಿ ಒದ್ದೆ ಬಲ್ಬ್’ ಎಂಬ ಮಾತು ಪ್ರಸಿದ್ಧವಾಯಿತು. 2022ರಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಕ ಯುವತಿಯರನ್ನು ತೇವದ ಬಿಸಿಕೋಣೆಯಲ್ಲಿ ಹಗುರ ಚಟುವಟಿಕೆ ಮಾಡಿಸಿ ಅಳೆದಾಗ ಮಿತಿ ಸಿಕ್ಕಿದ್ದು 31ರ ಆಸುಪಾಸು. ಹಾಲ್ಡೇನ್ ಹೇಳಿದ್ದ ಜಾಗದಲ್ಲೇ!

ಈ ಅಂಕಿಗಳನ್ನು ವಸಂತನರಸಾಪುರಕ್ಕೆ ತಂದು ನೋಡಿ. ಏಪ್ರಿಲ್‌ನ ಒಂದು ಮಧ್ಯಾಹ್ನ ಹೊರಗೆ 36 ಡಿಗ್ರಿ, ತೇವಾಂಶ ಶೇಕಡ 25 ಎಂದಿಟ್ಟುಕೊಳ್ಳೋಣ. ಒದ್ದೆ ಬಲ್ಬ್ ಸುಮಾರು 21.5 ಬರುತ್ತದೆ. ಕೆರೆ ಅಂಗಳದಲ್ಲಿ ಗಾಳಿಯೂ ಇದೆ, ಬೆವರು ಆರುತ್ತದೆ. ಪಾಲಿಹೌಸ್‌ನೊಳಗೆ ಬರೀ ಎರಡು ಡಿಗ್ರಿ ಹೆಚ್ಚು, 38. ಆದರೆ ತೇವಾಂಶ ಶೇಕಡ 60. ಒದ್ದೆ ಬಲ್ಬ್ ಸುಮಾರು 31! ಮೊಬೈಲಿನ ಹವಾಮಾನ ಆ್ಯಪ್‌ಗೆ ಈ ಹತ್ತು ಡಿಗ್ರಿಯ ಜಿಗಿತ ಕಾಣುವುದೇ ಇಲ್ಲ. ಆ ಅತ್ತಿಗೆಯ ತಲೆಸುತ್ತಿಗೆ ಮೈಗಳ್ಳತನವಾಗಲಿ ವಯಸ್ಸಾಗಲಿ ಕಾರಣವಲ್ಲ, ನಿಂತ ಗಾಳಿ ಕಾರಣ.

ಈ ವಿಜ್ಞಾನ ನಮ್ಮ ಕಾನೂನಿಗೆ ಗೊತ್ತಿಲ್ಲದ್ದೇನಲ್ಲ. ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಾಗ ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ಮೀರುತ್ತಿತ್ತು. ಮೇಲಿನಿಂದ ತಂಪುಗಾಳಿ ನೂಕದೆ ಕೆಲಸ ನಡೆಯುತ್ತಿರಲಿಲ್ಲ. 1961ರ ಲೋಹ ಗಣಿಗಳ ನಿಯಮಾವಳಿ ಕೆಲಸದ ಜಾಗದಲ್ಲಿ ಒದ್ದೆ ಬಲ್ಬ್ 33.5 ಮೀರಕೂಡದು ಎನ್ನುತ್ತದೆ; 30.5 ದಾಟಿದರೆ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಾದರೂ ಗಾಳಿ ಆಡಬೇಕು. ಕಾರ್ಖಾನೆಗಳ ಮಾದರಿ ನಿಯಮದಲ್ಲಿ ಮಿತಿ 30 ಡಿಗ್ರಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಅಳೆದದ್ದು, ಜೊತೆಗೆ ನಿಮಿಷಕ್ಕೆ 30 ಮೀಟರ್ ಗಾಳಿ. ವಸಂತನರಸಾಪುರದಲ್ಲಿ 2014ರ ಸೆಪ್ಟೆಂಬರ್ 24ರಂದು ಪ್ರಧಾನಿ ಉದ್ಘಾಟಿಸಿದ ಫುಡ್ ಪಾರ್ಕ್ ಇದೆ, ಸುತ್ತ ಕೈಗಾರಿಕಾ ಪ್ರದೇಶವಿದೆ. ಅಲ್ಲಿ ತರಕಾರಿ ತೊಳೆದು ಪ್ಯಾಕ್ ಮಾಡುವವರು ಕಾರ್ಖಾನೆ ಕಾರ್ಮಿಕರು. ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದರೆ ಇಎಸ್‌ಐ ಕಾರ್ಡ್ ಸಿಗುತ್ತದೆ, ಕಾಯಿಲೆ ಬಿದ್ದರೆ ರಜೆಯ ದಿನಗಳಿಗೂ ಸಂಬಳದ ಶೇಕಡ 70ರಷ್ಟು ಬರುತ್ತದೆ. ಅದೇ ತರಕಾರಿಯನ್ನು ಕಾಂಪೌಂಡಿನಾಚೆ, ಇನ್ನೂ ಹೆಚ್ಚು ಬಿಸಿಯಲ್ಲಿ ಬೆಳೆದು ಬಿಡಿಸುವವರು ಕೃಷಿ ಕೂಲಿಗಳು. ಅವರ ಪಾಲಿಗೆ ಒದ್ದೆ ಬಲ್ಬಿನ ಮಿತಿಯೂ ಇಲ್ಲ, ಇಎಸ್‌ಐಯೂ ಇಲ್ಲ. ಗೋಡೆ, ಮಾಡು, ಬಾಗಿಲು ಎಲ್ಲ ಇರುವ ಜಾಗವನ್ನು ಕಾನೂನು ಇನ್ನೂ ಬಯಲು ಹೊಲವೆಂದೇ ಎಣಿಸುತ್ತಿದೆ. ನನ್ನನ್ನು ಕಾಡುವ ಅನ್ಯಾಯ ಇದು. ಪಾಲಿಹೌಸ್ ಕಟ್ಟಲು ತೋಟಗಾರಿಕೆ ಇಲಾಖೆಯಿಂದ ವೆಚ್ಚದ ಅರ್ಧದಷ್ಟು ಸಹಾಯಧನ ಕೊಡುವಾಗ ಕಂಬದ ದಪ್ಪ, ಹಾಳೆಯ ಮೈಕ್ರಾನ್ ಎಲ್ಲ ಅಳೆಯುತ್ತಾರೆ. ಒಳಗೆ ನಿಲ್ಲುವವರಿಗಾಗಿ ಒಂದು ಥರ್ಮಾಮೀಟರನ್ನೂ ಆ ಪಟ್ಟಿಗೆ ಸೇರಿಸಬಹುದಲ್ಲವೇ?

ಔಷಧಿ ಹೊಡೆಯುವ ವಿಷಯ ಇದಕ್ಕಿಂತ ಗಂಭೀರ. ಬಯಲಲ್ಲಿ ಗಾಳಿ, ಮಳೆ, ಬಿಸಿಲಿನ ನೇರಳಾತೀತ ಕಿರಣ ಸೇರಿ ಎಲೆಯ ಮೇಲಿನ ವಿಷವನ್ನು ಕಳೆಯುತ್ತವೆ. ಪಾಲಿಹೌಸ್‌ನಲ್ಲಿ ಗಾಳಿಯಿಲ್ಲ, ಮಳೆಯಿಲ್ಲ, ನೇರಳಾತೀತದ ಒಂದು ಪಾಲನ್ನು ಹಾಳೆಯೇ ತಡೆಯುತ್ತದೆ. ವಿಷ ಹೆಚ್ಚು ದಿನ ಉಳಿಯುತ್ತದೆ. ಬೆವರಿ ಒದ್ದೆಯಾಗಿ ರಕ್ತ ತುಂಬಿ ಕೆಂಪಗಾದ ಚರ್ಮ ಅದನ್ನು ಬೇಗ ಹೀರುತ್ತದೆ. ಮೈತುಂಬ ಪ್ಲಾಸ್ಟಿಕ್ ಕೋಟು ಹಾಕಿದರೆ ವಿಷ ತಡೆದಂತಾಯಿತು, ಬೆವರು ಆರುವುದೂ ನಿಂತಿತು. ಆದ್ದರಿಂದ ಕೋಟು ಹಾಕಿ ಮಧ್ಯಾಹ್ನ ಔಷಧಿ ಹೊಡೆಯುವುದಕ್ಕೆ ಅರ್ಥವಿಲ್ಲ. ಬೆಳಗಿನ ತಂಪಿನಲ್ಲೇ ಆಗಬೇಕು. ಆಮೇಲೆ ಡಬ್ಬಿಯ ಲೇಬಲ್ ಹೇಳಿದಷ್ಟು ಹೊತ್ತು ಕಾಯಿ ಬಿಡಿಸಲು ಯಾರನ್ನೂ ಒಳಗೆ ಕಳಿಸಬಾರದು.

ಇಲ್ಲೊಂದು ಮೋಸದ ಹೋಲಿಕೆಯೂ ಇದೆ. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ ನರಗಳ ಸಂಕೇತ ಅಳಿಸುವ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆ. ಆಗ ಬೆವರು, ತಲೆನೋವು, ವಾಕರಿಕೆ, ಸುಸ್ತು. ಬಿಸಿಯ ಹೊಡೆತ ಶುರುವಾದಾಗಲೂ ಅವೇ ಲಕ್ಷಣ. ವಿಷವಾದರೆ ಸಾಮಾನ್ಯವಾಗಿ ಕಣ್ಣಿನ ಪಾಪೆ ಸೂಜಿಮೊನೆಯಷ್ಟಕ್ಕೆ ಕುಗ್ಗುತ್ತದೆ, ಬಾಯಲ್ಲಿ ಜೊಲ್ಲು ಸುರಿಯುತ್ತದೆ. ‘ಬಿಸಿಲಿಗೆ ಹಾಗಾಗಿದೆ’ ಎಂದು ಮಜ್ಜಿಗೆ ಕುಡಿಸಿ ಮಲಗಿಸುವ ಮೊದಲು ಕಣ್ಣು ನೋಡಬೇಕು, ಆಸ್ಪತ್ರೆಗೆ ಹೊರಡುವಾಗ ಔಷಧಿ ಡಬ್ಬಿಯನ್ನೂ ಜೊತೆಗೆ ಒಯ್ಯಬೇಕು.

ಇನ್ನು ವಿಮೆ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಬಹಳ ಜನರ ಖಾತೆಯಲ್ಲಿದೆ, ಅಪಘಾತದಲ್ಲಿ ಸತ್ತರೆ ಎರಡು ಲಕ್ಷ. ಆದರೆ ಅಪಘಾತವೆಂದರೆ ಹಠಾತ್ತಾಗಿ, ಹೊರಗಿನಿಂದ, ಬಲವಾಗಿ, ಕಣ್ಣಿಗೆ ಕಾಣುವಂತೆ ಆದದ್ದು. ಪಾಲಿಹೌಸ್‌ನಲ್ಲಿ ಹಾವು ಕಚ್ಚಿದರೆ, ಏಣಿಯಿಂದ ಬಿದ್ದರೆ ಸರಿ. ಬಿಸಿಗೆ ಕುಸಿದರೆ? ಬಿಹಾರದಲ್ಲಿ 2000ನೇ ಇಸವಿಯ ಚುನಾವಣಾ ಕರ್ತವ್ಯದಲ್ಲಿದ್ದವರೊಬ್ಬರು ಬಿಸಿಲ ಹೊಡೆತಕ್ಕೆ ಸತ್ತ ಪ್ರಕರಣ 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಯಿತು. ಪಾಲಿಸಿಯಲ್ಲಿದ್ದುದು ಇಂಥದೇ ವಾಕ್ಯ. ವಿಮಾ ಕಂಪನಿ ಹಣ ಕೊಡಬೇಕಿಲ್ಲವೆಂದು ತೀರ್ಪಾಯಿತು.

ಇದಕ್ಕಿಂತ ಗಟ್ಟಿಯಾದ ಆಸರೆ ಹಳೆಯ ಕಾನೂನಿನಲ್ಲಿದೆ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಕೃಷಿಯಲ್ಲಿ ಕೀಟನಾಶಕ ಸಿಂಪಡಿಸುವವರ ಹೆಸರೇ ಇದೆ. ವಿದ್ಯುತ್ತಿನಿಂದ ನಡೆಯುವ ಸಲಕರಣೆಗಳ ಬೇಸಾಯದಲ್ಲಿ ದುಡಿಯುವವರೂ ಇದ್ದಾರೆ. ಪಂಪು, ಫಾಗರ್ ಇರುವ ಪಾಲಿಹೌಸ್ ಅದರೊಳಗೆ ಬರುತ್ತದೆಂದು ವಾದಿಸಲು ಜಾಗವಿದೆ. 2025ರ ನವೆಂಬರ್ 21ರಿಂದ ಈ ವ್ಯವಸ್ಥೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಇಲ್ಲಿ ಪರಿಹಾರ ಕೊಡುವ ಹೊಣೆ ಮಾಲೀಕರದು. ಹಳೆಯ ಕಾಯ್ದೆಯ ಕೋಷ್ಟಕದ ಪ್ರಕಾರ ತಿಂಗಳಿಗೆ 12,000 ರೂಪಾಯಿ ದುಡಿಯುವ 40 ವರ್ಷದವರು ಕೆಲಸದಲ್ಲಿ ಸತ್ತರೆ ಕೂಲಿಯ ಅರ್ಧವನ್ನು 184.17ರಿಂದ ಗುಣಿಸಬೇಕು: 11,05,020 ರೂಪಾಯಿ. ‘ಅಪಘಾತ’ವನ್ನು ನ್ಯಾಯಾಲಯಗಳು ಇಲ್ಲಿ ಉದಾರವಾಗಿಯೇ ಓದಿವೆ. ದೂರದ ಹಾದಿಯ ಒತ್ತಡದಲ್ಲಿ ತೀರಿಕೊಂಡ ಲಾರಿ ಚಾಲಕನ ಕುಟುಂಬಕ್ಕೆ ಸುಪ್ರೀಂ ಕೋರ್ಟ್ 2012ರಲ್ಲಿ ಪರಿಹಾರ ಕೊಡಿಸಿತು. ಕುಣಿಗಲ್, ಗುಬ್ಬಿಯ ಒಂದೆಕರೆ ಪಾಲಿಹೌಸ್ ಮಾಲೀಕರಿಗೆ ಇಷ್ಟು ಹಣ ಒಮ್ಮೆಗೇ ಹೊಂದಿಸುವುದು ಆಗದ ಮಾತು. ಅದಕ್ಕೆಂದೇ ಸಾಮಾನ್ಯ ವಿಮಾ ಕಂಪನಿಗಳಲ್ಲಿ ನೌಕರರ ಪರಿಹಾರ ಪಾಲಿಸಿ ಸಿಗುತ್ತದೆ. ಹಾಳೆಗೆ, ಬೆಳೆಗೆ ವಿಮೆ ಮಾಡಿಸುವವರು ಇದನ್ನೂ ಕೇಳಿ ಪಡೆಯಬೇಕು.

ಈಚೆಗೆ ಬಿಸಿಲು ವಿಮೆಯ ಬಗ್ಗೆ ದೊಡ್ಡ ಮಾತುಗಳು ಕೇಳುತ್ತಿವೆ. ಗುಜರಾತಿನ ‘ಸೇವಾ’ ಎಂಬ ಮಹಿಳಾ ಕಾರ್ಮಿಕರ ಸಂಘಟನೆ 2023ರಲ್ಲಿ ಶುರುಮಾಡಿದ ಯೋಜನೆಯಲ್ಲಿ ಊರಿನ ತಾಪ ಗೊತ್ತುಪಡಿಸಿದ ಮಟ್ಟ ದಾಟಿದರೆ ಮಹಿಳೆಯರ ಖಾತೆಗೆ ನೇರ ಹಣ ಬೀಳುತ್ತದೆ. ಒಳ್ಳೆಯ ಪ್ರಯತ್ನ, ಗೌರವವಿದೆ. ಆದರೆ ಅದನ್ನು ಹಾಗೇ ಎತ್ತಿ ತುಮಕೂರಿಗೆ ತಂದರೆ ಪಾಲಿಹೌಸ್‌ನವರಿಗೆ ಪ್ರಯೋಜನವಿಲ್ಲ. ಹೊರಗಿನ ಹವಾಮಾನ ಕೇಂದ್ರ 36 ಎಂದೇ ಬರೆಯುತ್ತದೆ, ಒಳಗಿನ 31 ಒದ್ದೆ ಬಲ್ಬ್ ಅದಕ್ಕೆ ಗೊತ್ತಾಗುವುದಿಲ್ಲ. ಅಳತೆ ಒಳಗೇ ಆಗಬೇಕು.

ಅದು ಕಷ್ಟದ ಕೆಲಸವೇನಲ್ಲ. ಎರಡು ಗಾಜಿನ ಥರ್ಮಾಮೀಟರುಗಳನ್ನು ಒಂದು ಹಲಗೆಗೆ ಕಟ್ಟಿ. ಒಂದರ ಬುಡಕ್ಕೆ ತೆಳು ಹತ್ತಿಬಟ್ಟೆ ಸುತ್ತಿ, ಬಟ್ಟೆಯ ತುದಿ ಕೆಳಗಿನ ನೀರಿನ ಶೀಷೆಯಲ್ಲಿ ಮುಳುಗಿರಲಿ. ಬಾಗಿಲ ಬಳಿ ಬೇಡ. ನಡುವಿನ ಸಾಲಿನಲ್ಲಿ, ಎದೆಯೆತ್ತರಕ್ಕೆ, ನೇರ ಬಿಸಿಲು ಬೀಳದಂತೆ ತೂಗುಹಾಕಿ. ಬಟ್ಟೆ ಕೊಳೆಯಾದರೆ ಬದಲಿಸಿ, ಒಣಗಿದರೆ ಓದು ಸುಳ್ಳಾಗುತ್ತದೆ. ಒದ್ದೆ ಬಲ್ಬ್ 26 ಸಮೀಪಿಸಿದಾಗ ಪರದೆ ಎತ್ತಿ ಫ್ಯಾನ್ ಹಾಕಿ, ಗಂಟೆಗೊಮ್ಮೆ ಹೊರಗಿನ ಮರದಡಿ ಬಿಡುವು ಕೊಡಿ. 28 ದಾಟಿದರೆ ಭಾರ ಹೊರುವ ಕೆಲಸ ನಿಲ್ಲಿಸಿ. 30ಕ್ಕೆ ಎಲ್ಲರೂ ಹೊರಗೆ. ಹೊಸಬರನ್ನು ಮೊದಲ ದಿನ ಐದರಲ್ಲೊಂದು ಪಾಲು ಹೊತ್ತು ಮಾತ್ರ ಒಳಗೆ ಬಿಟ್ಟು ದಿನಾ ಅಷ್ಟಷ್ಟೇ ಹೆಚ್ಚಿಸಿ; ಬಿಸಿಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಹಾಜರಿ ಪುಸ್ತಕದಲ್ಲೇ ಇನ್ನೊಂದು ಗೆರೆ ಎಳೆದು ದಿನಾಂಕ, ಹೊತ್ತು, ಎರಡೂ ಥರ್ಮಾಮೀಟರಿನ ಓದು, ಹೊಡೆದ ಔಷಧಿಯ ಹೆಸರು ಬರೆದಿಡಿ. ಆಸ್ಪತ್ರೆಯ ವೈದ್ಯರು ಮೊದಲು ಕೇಳುವುದು ಅದನ್ನೇ. ಪರಿಹಾರದ ಅರ್ಜಿ ಹಾಕಿದ ದಿನ ಅಧಿಕಾರಿ ಕೇಳುವುದೂ ಅದನ್ನೇ.