ಹೆದರಿಕೆಗೆ ತಾಳ ಹಾಕುವವರು

ಜಾನ್ ಕಾರ್ಪೆಂಟರ್ ತಮ್ಮ ‘ಹ್ಯಾಲೋವೀನ್’ (1978) ಚಿತ್ರವನ್ನು ಸಂಗೀತ, ಎಫೆಕ್ಟ್ ಯಾವುದೂ ಇಲ್ಲದೆ ಸ್ಟುಡಿಯೊ ಅಧಿಕಾರಿಯೊಬ್ಬರಿಗೆ ತೋರಿಸಿದ್ದರಂತೆ. ಆಕೆಗೆ ಒಂದಿಷ್ಟೂ ಭಯವಾಗಲಿಲ್ಲ. ಮುಖವಾಡದ ಕೊಲೆಗಾರ, ಕತ್ತಲ ಮನೆ, ಚಾಕು ಎಲ್ಲವೂ ತೆರೆಯ ಮೇಲೆ ಇದ್ದವು. ಕಾರ್ಪೆಂಟರ್ ತಾವೇ ಸಂಗೀತಕ್ಕೆ ಕುಳಿತರು. ಬಾಲ್ಯದಲ್ಲಿ ತಂದೆ ಬಾಂಗೊ ಮೇಲೆ ಹೇಳಿಕೊಟ್ಟಿದ್ದ ಐದರ ಲೆಕ್ಕದ ಲಯವನ್ನು ಪಿಯಾನೊಗೆ ತಂದರು. ಖಂಡ ಛಾಪು ಕೇಳಿ ಬೆಳೆದ ನಮಗೆ ಈ ಲೆಕ್ಕ ಹೊಸದಲ್ಲ. ನಾಲ್ಕಕ್ಕೆ ಒಗ್ಗಿದ ಕಿವಿಗೆ ಮಾತ್ರ ಕಾಲಿಡಲು ನೆಲವೇ ಸಿಗುವುದಿಲ್ಲ. ಸುಮಾರು 3 ಲಕ್ಷ ಡಾಲರಿನ ಆ ಪುಟ್ಟ ಚಿತ್ರದ ಜೀವ ಉಳಿದದ್ದು ಹೀಗೆ.

ಥ್ರಿಲ್ಲರ್ ಕಿರುಚಿತ್ರ ಮಾಡುವ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವ ಕಥೆ ಇದು. ಕ್ಯಾಮೆರಾ, ಲೆನ್ಸುಗಳ ಬಾಡಿಗೆಗೇ ಹಣವೆಲ್ಲ ಮುಗಿದು, ಹಿನ್ನೆಲೆ ಸಂಗೀತಕ್ಕೆ ಉಳಿಯುವುದು ಸಲ್ಲಿಕೆಯ ಹಿಂದಿನ ರಾತ್ರಿ. ಇಂಟರ್ನೆಟ್ಟಿನಲ್ಲಿ ಸಿಕ್ಕ ಯಾವುದೋ ‘ಸಸ್ಪೆನ್ಸ್’ ಟ್ರ್ಯಾಕನ್ನು ಮೊದಲ ದೃಶ್ಯದಿಂದ ಕೊನೆಯವರೆಗೂ ಹಾಸಿಬಿಡುತ್ತಾರೆ. ಅಲ್ಲಿಗೆ ಆತಂಕ ಸತ್ತಿತು. ಸದಾ ಗುಡುಗುವ ಮೋಡಕ್ಕೆ ಯಾರೂ ಕೊಡೆ ಬಿಚ್ಚುವುದಿಲ್ಲ.

ಸಂಗೀತ ಪ್ರೇಕ್ಷಕರಿಗೆ ಮೊದಲು ಒಂದು ಮಾತು ಕೊಡಬೇಕು, ಆಮೇಲೆ ಅದನ್ನು ಮುರಿಯಬೇಕು. ‘ಜಾಸ್’ (1975) ಇದಕ್ಕೆ ಪಾಠಪುಸ್ತಕ. ಜಾನ್ ವಿಲಿಯಮ್ಸ್ ಅವರ ಎರಡು ಸ್ವರಗಳು ಕೇಳಿದರೆ ಶಾರ್ಕ್ ಬಂತೆಂದೇ ಅರ್ಥ. ಹುಡುಗರಿಬ್ಬರು ರಟ್ಟಿನ ರೆಕ್ಕೆ ತೇಲಿಸಿ ಊರನ್ನು ಹೆದರಿಸುವಾಗ ಆ ಸ್ವರಗಳು ಬರುವುದೇ ಇಲ್ಲ; ಚಿತ್ರ ಪ್ರಾಮಾಣಿಕವಾಗಿಯೇ ನಡೆದುಕೊಳ್ಳುತ್ತದೆ. ನಾವು ಆ ಗುರುತನ್ನು ಪೂರ್ತಿ ನಂಬಿದ ಮೇಲೆ, ದೋಣಿಯ ಹಿಂಬದಿಯಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಶಾರ್ಕ್ ತಲೆಯೆತ್ತುತ್ತದೆ. ಇದಕ್ಕೆ ದೊಡ್ಡ ವಾದ್ಯಮೇಳವೇ ಬೇಕೆಂದಿಲ್ಲ. ಫ್ರಿಟ್ಜ್ ಲಾಂಗ್ ಅವರ ‘ಎಂ’ (1931) ಚಿತ್ರದಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ಕೊಲೆಗಾರನ ಒಂದು ಸಿಳ್ಳೆ ಅಷ್ಟೂ ಕೆಲಸ ಮಾಡುತ್ತದೆ.

ಮೌನವೂ ಇಲ್ಲಿ ಒಂದು ವಾದ್ಯ. ಆದರೆ ಟ್ರ್ಯಾಕಿನಲ್ಲಿ ಸದ್ದನ್ನು ಪೂರ್ತಿ ಅಳಿಸಿದರೆ ಸ್ಪೀಕರ್ ಕೆಟ್ಟಂತೆ ಕೇಳುತ್ತದೆ. ಅದಕ್ಕೇ ಚಿತ್ರೀಕರಣ ಮುಗಿದ ಕೂಡಲೇ ಎಲ್ಲರನ್ನೂ ಸುಮ್ಮನಿರಿಸಿ, ಆ ಕೋಣೆಯ ಖಾಲಿ ಸದ್ದನ್ನು ಒಂದು ನಿಮಿಷವಾದರೂ ರೆಕಾರ್ಡ್ ಮಾಡಿಕೊಳ್ಳಬೇಕು. ರೂಮ್ ಟೋನ್ ಎನ್ನುವುದು ಇದನ್ನೇ. ಫ್ಯಾನಿನ ಗುಂಯ್‌ಗುಡುವಿಕೆ, ಫ್ರಿಜ್ಜಿನ ನಡುಕ ಅದರಲ್ಲಿರುತ್ತವೆ. ಬಾಗಿಲು ತೆರೆಯುವ ಮುನ್ನ ಆ ಫ್ರಿಜ್ ಸದ್ದು ತಟ್ಟನೆ ನಿಲ್ಲಲಿ. ನೋಡುತ್ತಿರುವವರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಸಂಗೀತದ ಮೇಲೆ ನನಗೆಷ್ಟೇ ಪ್ರೀತಿಯಿದ್ದರೂ, ಹತ್ತು ಪಿಟೀಲುಗಳಿಗಿಂತ ಈ ಒಂದು ಕಟ್ ನನಗೆ ಹೆಚ್ಚು.

ಹಾಗೆಂದು ಪಿಟೀಲನ್ನು ಬಿಡಬೇಕಿಲ್ಲ. ‘ಸೈಕೊ’ (1960) ಚಿತ್ರಕ್ಕೆ ಬರ್ನಾರ್ಡ್ ಹರ್ಮನ್ ಬಳಸಿದ್ದು ತಂತಿವಾದ್ಯಗಳನ್ನಷ್ಟೇ. ಸ್ನಾನದ ಮನೆಯ ಕೊಲೆಗೆ ಸಂಗೀತವೇ ಬೇಡವೆಂದಿದ್ದ ಹಿಚ್‌ಕಾಕ್, ಕೇಳಿದ ಮೇಲೆ ಒಪ್ಪಿಕೊಂಡರು. ಸ್ನೇಹಿತರಲ್ಲಿ ಯಾರಾದರೂ ಪಿಟೀಲು ಕಲಿಯುತ್ತಿದ್ದರೆ ಕರೆತನ್ನಿ. ಕಮಾನನ್ನು ತಂತಿಗಳನ್ನು ಹೊತ್ತಿರುವ ಕುದುರೆಯ (ಬ್ರಿಜ್) ಪಕ್ಕಕ್ಕೇ ತಂದು ಉಜ್ಜಿಸಿದರೆ, ಕಚೇರಿಯಲ್ಲಿ ಯಾರೂ ಸಹಿಸದ ಕರ್ಕಶ ಸದ್ದು ನಿಮಗೆ ಸಿಗುತ್ತದೆ.

ಕೊನೆಗೆ ಮಿಕ್ಸಿಂಗ್. ಹೆಡ್‌ಫೋನಿನಲ್ಲಿ ಎದೆ ನಡುಗಿಸಿದ ತಗ್ಗು ಶ್ರುತಿಯ ಗುಂಜನ ಮೊಬೈಲ್ ಸ್ಪೀಕರಿನಲ್ಲಿ ಕೇಳಿಸುವುದೇ ಇಲ್ಲ. ಕಿರುಚಿತ್ರವನ್ನು ಹೆಚ್ಚಿನವರು ನೋಡುವುದು ಮೊಬೈಲಿನಲ್ಲೇ. ಅದೇ ಸ್ವರವನ್ನು ಒಂದೆರಡು ಸ್ಥಾಯಿ ಮೇಲೆ ತೆಳುವಾಗಿ ಸೇರಿಸಿ, ಮೊಬೈಲಿನಲ್ಲೂ ಕಾಲೇಜಿನ ಸಭಾಂಗಣದಲ್ಲೂ ಕೇಳಿಸಿಕೊಂಡ ಮೇಲೆಯೇ ಚಿತ್ರವನ್ನು ಸಲ್ಲಿಸಿ.