ಸೋತವನನ್ನು ಹೊತ್ತ ಕೀರ್ತಿ: ಒಂದು ಕಂಚಿನ ಶಿಲ್ಪವನ್ನು ತರಗತಿಯಲ್ಲಿ ಓದಿಸುವ ಬಗೆ

ಜರ್ಮನಿಯ ಏಕೀಕರಣದ ಪಾಠಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಒಯ್ಯುವ ಬೋಧನೋಪಕರಣಗಳು ಎರಡು: ಯುರೋಪಿನ ಭೂಪಟ, ಬಿಸ್ಮಾರ್ಕನ ಭಾವಚಿತ್ರ. ಎರಡೂ ಗೆದ್ದವರ ಕಥೆಯನ್ನೇ ಹೇಳುತ್ತವೆ. ಅದೇ ಯುದ್ಧದಲ್ಲಿ ಸೋತ ಫ್ರಾನ್ಸಿನ ಒಂದು ಕಂಚಿನ ಶಿಲ್ಪದ ಚಿತ್ರವನ್ನೂ ಜೊತೆಗೆ ಒಯ್ದರೆ ಪಾಠಕ್ಕೆ ಇನ್ನೊಂದು ಮಗ್ಗುಲು ಸಿಗುತ್ತದೆ. ಶಿಲ್ಪಿ ಆಂಟೊನಿನ್ ಮೆರ್ಸಿಯೆ (1845–1916). ಶಿಲ್ಪದ ಹೆಸರು ‘ಗ್ಲೋರಿಯಾ ವಿಕ್ಟಿಸ್’. ಈ ಲ್ಯಾಟಿನ್ ಹೆಸರಿಗೆ ‘ಸೋತವರಿಗೆ ಕೀರ್ತಿ’ ಎಂದರ್ಥ. ಆದರೆ ತರಗತಿಯಲ್ಲಿ ಹೆಸರನ್ನು ಮೊದಲೇ ಹೇಳಬಾರದು. ಅದಕ್ಕೆ ಕಾರಣ ಮುಂದೆ ತಿಳಿಯುತ್ತದೆ.

ಎದೆಗವಚ ತೊಟ್ಟ, ದೊಡ್ಡ ರೆಕ್ಕೆಗಳನ್ನು ಬಿಚ್ಚಿದ ಹೆಣ್ಣೊಬ್ಬಳು ಮುಂದಕ್ಕೆ ಹೆಜ್ಜೆಯಿಟ್ಟಿದ್ದಾಳೆ. ಅವಳ ಹೆಗಲ ಮೇಲೆ ಬಹುಮಟ್ಟಿಗೆ ಬರಿಮೈಯ ಯುವಕ. ಕೈಯಲ್ಲಿ ಮುರಿದ ಕತ್ತಿ. ಬರಿಮೈ ಕಂಡು ಮಕ್ಕಳು ಮುಸಿಮುಸಿ ನಗಬಹುದು. ಗದರಿಸುವ ಬದಲು, ಗ್ರೀಕರ ಕಾಲದಿಂದಲೂ ಯುರೋಪಿನ ಶಿಲ್ಪದಲ್ಲಿ ಇದು ವೀರನನ್ನು ತೋರಿಸುವ ರೀತಿ ಎಂದು ಹೇಳಿ ಮುಂದುವರಿದರಾಯಿತು. ಸಮವಸ್ತ್ರವಿಲ್ಲದ್ದರಿಂದ ಅವನು ಇಂಥದೇ ದಳದ ಸೈನಿಕನೆಂದು ಗುರುತಿಸಲಾಗದು; ಮಡಿದವರೆಲ್ಲರ ಪರವಾಗಿ ಅವನಿದ್ದಾನೆ.

ರೆಕ್ಕೆಯ ಹೆಣ್ಣು ಕೀರ್ತಿ. ಒಂದು ಭಾವನೆಗೆ ಮನುಷ್ಯರೂಪ ಕೊಟ್ಟ ಇಂಥ ಆಕೃತಿಯನ್ನು ಇಲ್ಲಿ ಸಂಕೇತಮೂರ್ತಿ ಎಂದು ಕರೆಯುತ್ತೇನೆ. ಇದನ್ನು ಕಲಿಸುವಾಗ ನಮಗೊಂದು ರೂಢಿಯಿದೆ. ಕಪ್ಪುಹಲಗೆಯ ಮೇಲೆ ಎರಡು ಅಂಕಣ ಎಳೆದು, ರೆಕ್ಕೆ ಎಂದರೆ ವಿಜಯ, ಕತ್ತಿ ಎಂದರೆ ಶೌರ್ಯ ಎಂದು ಪಟ್ಟಿ ಬರೆಸುವುದು. ಪರೀಕ್ಷೆಗೆ ಅದು ಅನುಕೂಲ, ನಿಜ. ಆದರೆ ಈ ಶಿಲ್ಪದ ಮುಂದೆ ಆ ಪಟ್ಟಿ ಸೋಲುತ್ತದೆ.

ಯುದ್ಧ 1870ರ ಜುಲೈಯಲ್ಲಿ ಆರಂಭವಾದಾಗ ಮೆರ್ಸಿಯೆ ರೋಮಿನಲ್ಲಿದ್ದ. 1868ರಲ್ಲಿ ‘ರೋಮ್ ಬಹುಮಾನ’ ಪಡೆದು ಅಲ್ಲಿನ ಫ್ರೆಂಚ್ ಅಕಾಡೆಮಿಗೆ ಹೋಗಿದ್ದ. ಕೀರ್ತಿಯು ಗೆದ್ದ ಸೈನಿಕನನ್ನು ಹೊತ್ತು ಬರುವಂತೆ ಒಂದು ಶಿಲ್ಪವನ್ನು ಅವನು ಯೋಜಿಸಿದ್ದ. ಸೆಪ್ಟೆಂಬರಿನಲ್ಲಿ ಸೆಡಾನ್‌ನಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ನನೇ ಸೆರೆಯಾದ. 1871ರ ಜನವರಿ 18ರಂದು ವರ್ಸೇಲ್ಸ್ ಅರಮನೆಯಲ್ಲಿ ಜರ್ಮನ್ ಸಾಮ್ರಾಜ್ಯದ ಘೋಷಣೆಯಾಯಿತು. ಹತ್ತು ದಿನಗಳಲ್ಲಿ ಪ್ಯಾರಿಸ್ ಶರಣಾಯಿತು. ಫ್ರಾನ್ಸ್ ಆಲ್ಸೇಸನ್ನೂ ಲೊರೇನಿನ ಒಂದು ಭಾಗವನ್ನೂ ಕಳೆದುಕೊಂಡು 500 ಕೋಟಿ ಫ್ರಾಂಕ್ ಪರಿಹಾರ ತೆರಬೇಕಾಯಿತು. ಸೋಲಿನ ಸುದ್ದಿ ತಿಳಿದ ಮೆರ್ಸಿಯೆ ಶಿಲ್ಪವನ್ನು ಕೈಬಿಡಲಿಲ್ಲ. ಗೆದ್ದವನನ್ನು ತೆಗೆದು ಮಡಿಯುತ್ತಿರುವವನನ್ನು ಇರಿಸಿದ.

ಹೆಗಲ ಮೇಲಿನವನು ಬದಲಾದ. ಹೊರುವವಳು ಕೀರ್ತಿಯಾಗಿಯೇ ಉಳಿದಳು. ಆದರೂ ಇಡೀ ಶಿಲ್ಪದ ಅರ್ಥ ತಿರುಗಿಬಿಟ್ಟಿತು. ಅರ್ಥ ಇರುವುದು ರೆಕ್ಕೆಯಲ್ಲೋ ಕತ್ತಿಯಲ್ಲೋ ಅಲ್ಲ, ಎರಡು ಆಕೃತಿಗಳ ನಡುವಿನ ಸಂಬಂಧದಲ್ಲಿ. ಆದ್ದರಿಂದ ‘ಇದು ಯಾವುದರ ಸಂಕೇತ?’ ಎಂದು ಪ್ರಶ್ನೆ ಆರಂಭಿಸದೆ, ‘ಯಾರು ಯಾರನ್ನು ಹೊತ್ತಿದ್ದಾರೆ? ಹೊತ್ತವನು ಬದುಕಿದ್ದಾನೆಯೇ? ಇವರು ಎತ್ತ ಹೊರಟಿದ್ದಾರೆ?’ ಎಂದು ಕೇಳುವುದು ಮೇಲು.

ಈ ಪ್ರಶ್ನೆಗಳಿಗೆ ನಮ್ಮ ಮಕ್ಕಳ ಪೂರ್ವಜ್ಞಾನ ಸಾಕಷ್ಟಿದೆ. ಊರ ದೇವಸ್ಥಾನದ ಬಳಿಯೋ ಕೆರೆ ಏರಿಯ ಮೇಲೋ ಅವರು ವೀರಗಲ್ಲು ನೋಡಿರುತ್ತಾರೆ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ಅದರ ಮೇಲೆ ಮಡಿದ ವೀರನನ್ನು ಒಯ್ಯುವ ಅಪ್ಸರೆಯರು. ಎರಡಕ್ಕೂ ಚಾರಿತ್ರಿಕ ನಂಟೇನೂ ಇಲ್ಲ, ಅದನ್ನು ಸ್ಪಷ್ಟವಾಗಿಯೇ ಹೇಳಬೇಕು. ಹೋಲಿಕೆಯಷ್ಟೇ ಬೇಕಾದದ್ದು ವ್ಯತ್ಯಾಸ. ವೀರಗಲ್ಲು ನೆಟ್ಟವರಿಗೆ ಅಪ್ಸರೆಯರು ನಂಬಿಕೆಯ ಲೋಕದವರು. ಮೆರ್ಸಿಯೆಯ ಕೀರ್ತಿಯನ್ನು ಯಾರೂ ಪೂಜಿಸಲಿಲ್ಲ. ‘ಸಾರ್, ಇದು ಅವರ ದೇವರಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಇಲ್ಲೇ ಇದೆ.

ಶಿಲ್ಪದ ಬುಡದಲ್ಲಿ ಒಂದು ಗೂಬೆಯಿದೆ. ನಮ್ಮಲ್ಲಿ ಗೂಬೆ ಅಪಶಕುನ. ಸೋಲಿನ ಶಿಲ್ಪವಾದ್ದರಿಂದ ಮಕ್ಕಳು ಹಾಗೇ ಅರ್ಥ ಮಾಡಿದರೆ ಆಶ್ಚರ್ಯವಿಲ್ಲ. ಗ್ರೀಕರಿಗೆ ಅದು ವಿವೇಕದ ದೇವತೆ ಅಥೇನಾಳ ಹಕ್ಕಿ. ಸಂಕೇತವನ್ನು ಅದು ಹುಟ್ಟಿದ ನೆಲದಲ್ಲಿಟ್ಟು ಓದಬೇಕೆಂಬುದಕ್ಕೆ ಈ ಒಂದು ಹಕ್ಕಿ ಸಾಕು.

ಹೆಸರನ್ನು ಕೊನೆಗೆ ತೆರೆದು ತೋರಿಸಿ. ಗಾಲ್ ಜನರ ನಾಯಕ ಬ್ರೆನ್ನಸ್ ರೋಮನ್ನು ಗೆದ್ದು, ಬಿಡುಗಡೆಯ ಚಿನ್ನ ತೂಗುವಾಗ ತಕ್ಕಡಿಗೆ ತನ್ನ ಕತ್ತಿಯನ್ನೂ ಹಾಕಿ, ಸೋತವರ ಗತಿ ಇಷ್ಟೇ ಎಂಬರ್ಥದ ಮಾತಾಡಿದನೆಂದು ರೋಮನ್ ಇತಿಹಾಸಕಾರ ಲಿವಿ ಹೇಳುತ್ತಾನೆ. ಮೆರ್ಸಿಯೆ ಆ ಮಾತನ್ನೇ ತಿರುಗಿಸಿದ. ಗಾಲರನ್ನು ಫ್ರೆಂಚರು ತಮ್ಮ ಪೂರ್ವಿಕರೆಂದು ಎಣಿಸುತ್ತಾರೆ. ಈ ಬಾರಿ ಸೋತವರು ಅವರೇ. ಹೆಸರು ಮೊದಲೇ ಗೊತ್ತಾದರೆ ಮಕ್ಕಳು ಶಿಲ್ಪವನ್ನು ನೋಡುವುದನ್ನು ಬಿಟ್ಟು ಹೆಸರನ್ನೇ ಉತ್ತರವಾಗಿ ಒಪ್ಪಿಸುತ್ತಾರೆ.

1874ರ ಪ್ಯಾರಿಸ್ ಸಲೋನ್ ಪ್ರದರ್ಶನದಲ್ಲಿ ಇದರ ಗಾರೆಯಚ್ಚಿನ ರೂಪಕ್ಕೆ ಗೌರವ ಪದಕ ಬಂತು. ಪ್ಯಾರಿಸ್ ನಗರ ಅದನ್ನು ಕೊಂಡು ಕಂಚಿನಲ್ಲಿ ಎರಕ ಹೊಯ್ಯಿಸಿತು. ಅದೀಗ ಪೆತಿ ಪಾಲೆ ವಸ್ತುಸಂಗ್ರಹಾಲಯದಲ್ಲಿದೆ. ಬಾರ್ಬೆಡಿಯೆನ್ ಎರಕಶಾಲೆ ಹಲವು ಅಳತೆಗಳಲ್ಲಿ ಕಿರುಪ್ರತಿಗಳನ್ನು ಮಾಡಿ ಮಾರಿತು. ಮೂಲವನ್ನು ಯಂತ್ರದಿಂದ ಪ್ರಮಾಣಬದ್ಧವಾಗಿ ಕಿರಿದಾಗಿಸುವ ವಿಧಾನವನ್ನು ಅಶಿಲ್ ಕೊಲಾ 1830ರ ದಶಕದಲ್ಲೇ ರೂಪಿಸಿದ್ದ. ಹೀಗೆ ಸಾರ್ವಜನಿಕ ಸ್ಮಾರಕವೊಂದು ಮನೆಯ ಪಡಸಾಲೆಗೂ ಬಂತು. ಬೋರ್ಡೋ, ನಿಯೋರ್ ಮೊದಲಾದ ಊರುಗಳಲ್ಲಿ ದೊಡ್ಡ ಪ್ರತಿಗಳು ಯುದ್ಧಸ್ಮಾರಕಗಳಾಗಿ ನಿಂತವು.

ಮೌಲ್ಯಮಾಪನಕ್ಕೆ ಹೊಂದಿಸಿ ಬರೆಯುವ ಪ್ರಶ್ನೆ ಬೇಡ. ಇದೊಂದನ್ನು ಕೊಟ್ಟು ಹತ್ತು ನಿಮಿಷ ಬಿಡಿ: ಸೋತ ಊರಿನವರು ತಮ್ಮ ಚೌಕದಲ್ಲಿ, ಮನೆಯಲ್ಲಿ ಈ ಶಿಲ್ಪವನ್ನು ಏಕೆ ಇಟ್ಟುಕೊಂಡರು? ಸಮಾಧಾನಕ್ಕೆ ಎಂದು ಕೆಲವರು ಬರೆಯುತ್ತಾರೆ, ಮುಂದಿನ ಯುದ್ಧಕ್ಕೆ ಹುರಿದುಂಬಿಸಲು ಎಂದು ಇನ್ನು ಕೆಲವರು. ಶಿಲ್ಪದಿಂದಲೇ ಆಧಾರ ತೋರಿಸಿದ್ದರೆ ಎರಡಕ್ಕೂ ಅಂಕ ಕೊಡಿ.